ಎಸ್‌ಟಿಪಿ ರಾಡಿಯಿಂದ ಗ್ಯಾಸ್ ಹಿಡಿಯುವ ಇದ್ದಿಲು: ಕಲಬುರಗಿಯಲ್ಲಿ ನಾನು ಮಾಡಿದ ಬಗೆ

ಕೊನೆಗೂ ಬಂತು. ಚಿಮಣಿ ಹೊಗೆಯ ಗ್ಯಾಸ್ ಹಿಡಿಯಲಿ ಅಂತ ನಾನು ಮಾಡಿದ ಇದ್ದಿಲು 25 ಡಿಗ್ರಿಯಲ್ಲಿ ಕೆಜಿಗೆ ಸುಮಾರು 90 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತಿದೆ. ಅಂದರೆ ಗ್ರಾಂಗೆ ಎರಡು ಮಿಲಿಮೋಲಿಗಿಂತ ಒಂಚೂರು ಜಾಸ್ತಿ (ಒಂದು ಮಿಲಿಮೋಲ್ ಅಂದರೆ ಈ ಗ್ಯಾಸಿನ 44 ಮಿಲಿಗ್ರಾಂ). ಶೆಡ್ಡಿನಲ್ಲಿ ನಾನೇ ತೂಗಿದಾಗ ಬಂದದ್ದೂ ಅಷ್ಟೇ, ಹೈದರಾಬಾದಿನ ಲ್ಯಾಬ್ ಕೊಟ್ಟದ್ದೂ ಹತ್ತಿರ ಹತ್ತಿರ ಅಷ್ಟೇ. ಇದು ತೆಂಗಿನ ಚಿಪ್ಪಿನ ಇದ್ದಿಲಲ್ಲ. ಅರ್ಧ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸ್ಲಡ್ಜ್, ಅಂದರೆ ರಾಡಿ, ಇನ್ನರ್ಧ ತೊಗರಿ ಕಟ್ಟಿಗೆ. ಎರಡೂ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಬೇಡವಾದ ಮಾಲು.

ಶುರುವಿನಲ್ಲಿ ಇದನ್ನು ನಂಬಿದವರು ಕಡಿಮೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಹಿರಿಯರೊಬ್ಬರು, ನನಗೆ ಬೇಕಾದವರೇ, ಮುಖಕ್ಕೇ ಹೇಳಿದ್ದರು: "ನೋಡ್ರಿ, ಅದರಾಗ ಅರ್ಧಕ್ಕರ್ಧ ಬೂದಿನೇ ಅದ. ಕಾರ್ಬನ್ ಎಲ್ಲಿ ಅದ? ಸುಮ್ನ ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ." ಬೂದಿಯ ಮಾತು ನಿಜ. ಒಣಗಿಸಿದ ಸ್ಲಡ್ಜಿನಲ್ಲಿ ಬೂದಿ ಶೇ 40ರ ಆಸುಪಾಸು ಇರುತ್ತದೆ. ಸುಟ್ಟು ಇದ್ದಿಲು ಮಾಡಿದ ಮೇಲೆ ಅದು ಶೇ 65ಕ್ಕೆ ಏರುತ್ತದೆ. ಆದರೆ ಅದೇ ರಾಡಿಯಲ್ಲಿ ನೈಟ್ರೋಜನ್ ಕೂಡ ಇದೆಯಲ್ಲ! ಪ್ರೋಟೀನಿನಿಂದ ಬಂದದ್ದು, ಒಣ ತೂಕದಲ್ಲಿ ಶೇ 4–5 ಸಿಗುತ್ತದೆ. ಗ್ಯಾಸ್ ಹಿಡಿಯಲು ಅದು ನೆರವಾಗುತ್ತದೆ ಅಂತಲೇ ಬೇರೆಯವರು ಯೂರಿಯಾ, ಮೆಲಮೈನ್ ಬೆರೆಸಿ ಇದ್ದಿಲಿಗೆ ನೈಟ್ರೋಜನ್ ತುಂಬುತ್ತಾರೆ. ನಮಗೆ ಅದು ಪುಕ್ಕಟೆ ಬಂದಿದೆ. ನಾನು ಪಟ್ಟು ಹಿಡಿದದ್ದು ಅದೊಂದೇ ಕಾರಣಕ್ಕೆ.

ಸ್ಲಡ್ಜ್ ಸಿಗುವುದು ಕಷ್ಟವೇನಲ್ಲ. ಒಂದು ವಸತಿ ಬಡಾವಣೆಯ ಎಸ್‌ಟಿಪಿಯವರು ಟ್ರ್ಯಾಕ್ಟರಿನಲ್ಲಿ ತಂದು ಶೆಡ್ಡಿನ ಹಿಂದೆ ಸುರಿದು ಹೋಗುತ್ತಾರೆ, ಡೀಸೆಲ್ ಖರ್ಚು ಮಾತ್ರ ನಮ್ಮದು. ನೀರು ಹಿಂಡುವ ಪ್ರೆಸ್‌ನಿಂದ ಹೊರಬಂದ ಕೇಕ್‌ನಲ್ಲೂ, ಅಂದರೆ ಹಿಂಡಿದ ರಾಡಿಯಲ್ಲೂ, ನೀರು ಶೇ 80 ಇರುತ್ತದೆ. 100 ಕೆಜಿ ತಂದರೆ ಕೈಗೆ ಉಳಿಯುವುದು 20 ಕೆಜಿ. ಇದನ್ನು ಕರೆಂಟಿನಲ್ಲಿ ಒಣಗಿಸುತ್ತೇನೆ ಅನ್ನುವವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ನಮ್ಮ ಭಾಗಕ್ಕೆ ಇರುವ ದೊಡ್ಡ ಆಸ್ತಿ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿಗೆ ತಗಡಿನ ಮೇಲೆ ಒಂದು ಬೆರಳು ದಪ್ಪ ಹರಡಿದರೆ ಎರಡು ಮೂರು ದಿನದಲ್ಲಿ ಕಟಕಟ ಒಣಗುತ್ತದೆ. ದಪ್ಪ ಹರಡಿದರೆ ಮೇಲೆ ಚಕ್ಕೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಹುಳ ಬೀಳುತ್ತದೆ, ನಾರುತ್ತದೆ. ವರ್ಷದ ಮಾಲನ್ನು ಬೇಸಿಗೆಯಲ್ಲೇ ಒಣಗಿಸಿ ಗೊಬ್ಬರದ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಮಳೆಗಾಲದಲ್ಲಿ ಒಣಗಿಸಲು ಹೋಗಿ ಪಕ್ಕದ ಶೆಡ್ಡಿನವರ ಜೊತೆ ಜಗಳವಾಯಿತು. ಅವರದೂ ತಪ್ಪಿರಲಿಲ್ಲ, ಆ ವಾಸನೆ ಅಂಥದ್ದು.

ಇನ್ನು ಸುಡುವ ಮಾತು. ಮೊದಲ ಸುಡುವಿಕೆ 500 ಡಿಗ್ರಿಗೆ, ಒಂದು ಗಂಟೆ. ಒಳಗೆ ಗಾಳಿ ಇರದಂತೆ ನೈಟ್ರೋಜನ್ ಸಿಲಿಂಡರ್ ಬಳಸುವುದನ್ನು ಬೇಗ ಬಿಟ್ಟೆ, ಬಾಡಿಗೆ ಮತ್ತು ರೀಫಿಲ್ ಖರ್ಚಿಗೆ ಕೈ ಸುಡುತ್ತದೆ. ಪಾತ್ರೆಯ ಮುಚ್ಚಳಕ್ಕೆ ಎರೆ ಮಣ್ಣು ಮೆತ್ತಿ ಒಂದೇ ಪೈಪ್ ಬಿಟ್ಟರೆ ಸಾಕು, ಒಳಗಿನ ಗ್ಯಾಸೇ ಗಾಳಿಯನ್ನು ಹೊರಗೆ ದೂಡುತ್ತದೆ. ಆದರೆ ಆ ಪೈಪಿನಲ್ಲಿ ಬರುವುದು ಅಮೋನಿಯಾ, ಹೈಡ್ರೋಜನ್ ಸಲ್ಫೈಡ್, ಟಾರು. ಅದನ್ನು ಗಾಳಿಗೆ ಬಿಡಬೇಡಿ, ಉರಿಯೊಳಗೇ ತಿರುಗಿಸಿ. ಮುಕ್ಕಾಲು ಇಂಚಿನ ಪೈಪ್ ಟಾರಿನಿಂದ ಕಟ್ಟಿಕೊಳ್ಳುತ್ತದೆ. ಒಮ್ಮೆ ಹಾಗೆ ಕಟ್ಟಿಕೊಂಡು ಒತ್ತಡಕ್ಕೆ ಮುಚ್ಚಳವೇ ಹಾರಿತು, ಆ ಹೊತ್ತಿಗೆ ಹತ್ತಿರ ಯಾರೂ ಇರಲಿಲ್ಲ. ಆಮೇಲೆ ಎರಡು ಇಂಚಿನ ಪೈಪ್ ಹಾಕಿದೆ, ಉದ್ದ ಮಾತ್ರ ಗಿಡ್ಡ.

ಈ ಸಾದಾ ಇದ್ದಿಲು ಗ್ರಾಂಗೆ ಅರ್ಧ ಮಿಲಿಮೋಲ್ ಕೂಡ ಹಿಡಿಯಲಿಲ್ಲ. ಅದು ನಿರೀಕ್ಷಿಸಿದ್ದೇ. ನನ್ನ ಹಣ ನಿಜವಾಗಿ ಹೋದದ್ದು ಮುಂದಿನ ಹಂತದಲ್ಲಿ, ಆಕ್ಟಿವೇಷನ್‌ನಲ್ಲಿ, ಅಂದರೆ ಇದ್ದಿಲಿನೊಳಗೆ ಸಣ್ಣ ರಂಧ್ರ ಕೊರೆಯುವುದರಲ್ಲಿ.

ಎಲ್ಲರೂ ಬರೆದಂತೆ ನಾನೂ ಮೂರು ಪಾಲು ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನುವ ಕಾಸ್ಟಿಕ್ ಕ್ಷಾರ), ಒಂದು ಪಾಲು ಇದ್ದಿಲು, 800 ಡಿಗ್ರಿ ಅಂತ ಶುರು ಮಾಡಿದೆ. ತೆಂಗಿನ ಚಿಪ್ಪಿಗೆ ಅದು ಸರಿ. ಸ್ಲಡ್ಜಿಗೆ ಅಲ್ಲವೇ ಅಲ್ಲ. ಬೂದಿಯೊಳಗಿನ ಮರಳು, ಅಂದರೆ ಸಿಲಿಕಾ, ಕೆಓಎಚ್ ಅನ್ನು ತಿಂದು ಪೊಟ್ಯಾಸಿಯಂ ಸಿಲಿಕೇಟ್ ಆಗುತ್ತದೆ. ಕಾರ್ಬನ್ನಿಗೆ ಸಿಗುವ ಮೊದಲೇ ಕಾಸ್ಟಿಕ್ ಖಾಲಿ. ಪಾತ್ರೆ ತೆರೆದರೆ ಹಸಿರು ಬಣ್ಣದ ಗಾಜಿನಂಥ ಗಟ್ಟಿ. ಉಳಿ ಸುತ್ತಿಗೆ ಹಿಡಿದು ಒಡೆಯಬೇಕಾಯಿತು. ಗುಜರಿಯಲ್ಲಿ ಕೊಂಡ ಸ್ಟೇನ್‌ಲೆಸ್ ಸ್ಟೀಲಿನ (ಎಸ್‌ಎಸ್ 304) ಪಾತ್ರೆ, ವೆಲ್ಡಿಂಗ್ ಸೇರಿ ಎಂಟು ಸಾವಿರದ ಹತ್ತಿರ ಬಿದ್ದಿತ್ತು, ಕೆಲವೇ ಬ್ಯಾಚಿಗೆ ತಳ ತೂತಾಯಿತು. ವೆಲ್ಡರ್ ಹುಡುಗ ನೋಡಿ, "ಅಣ್ಣಾ, ಇದು ಉಕ್ಕನ್ನೇ ತಿಂದದಲ್ಲ, ಏನ್ ಹಾಕೀರಿ ಇದರಾಗ?" ಅಂದ. ಅಷ್ಟು ಬಿಸಿಯಲ್ಲಿ ಕೆಓಎಚ್ ಯಾವ ಸ್ಟೀಲನ್ನೂ ಬಿಡುವುದಿಲ್ಲ.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. 700 ಡಿಗ್ರಿ ದಾಟಿದರೆ ಪೊಟ್ಯಾಸಿಯಂ ಲೋಹವಾಗಿ ಹೊರಬಂದು ಮುಚ್ಚಳದ ತಂಪು ಜಾಗದಲ್ಲಿ ಕೂರುತ್ತದೆ. ಆರುವ ಮೊದಲೇ ತೆರೆದರೆ, ನೀರು ತಾಗಿದರೆ, ಬೆಂಕಿ. ನೇರಳೆ ಬಣ್ಣದ ಉರಿ ಕಂಡರೆ ಅದೇ ಅಂತ ತಿಳಿಯಿರಿ. ರಾತ್ರಿಯಿಡೀ ಆರಲು ಬಿಡಿ. ತೆರೆಯುವಾಗ ಕನ್ನಡಕ, ಉದ್ದ ಕೈಗವಸು ಇರಲೇಬೇಕು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಆ 800 ಡಿಗ್ರಿಯ ಮಾಲನ್ನೂ ತೊಳೆದು ಲ್ಯಾಬಿಗೆ ಕಳಿಸಿದ್ದೆ. ಒಂದು ಸ್ಯಾಂಪಲ್ಲಿಗೆ ನಾಲ್ಕೈದು ಸಾವಿರ. ಬಿಇಟಿ ಏರಿಯಾ, ಅಂದರೆ ರಂಧ್ರಗಳ ಒಳಮೈಯೂ ಸೇರಿದ ಮೇಲ್ಮೈ ಅಳತೆ, ಗ್ರಾಂಗೆ 700 ಚದರ ಮೀಟರ್ ಮೇಲೆ ಬಂತು. ಎಲ್ಲರೂ ಭೇಷ್ ಅಂದರು. ಆದರೆ ಗ್ಯಾಸ್ ಹಿಡಿದದ್ದು ಒಂದೂಕಾಲು ಮಿಲಿಮೋಲ್ ಮಾತ್ರ! ನನ್ನ ದಾರಿ ತಿರುಗಿದ್ದು ಅಲ್ಲಿ. ಮಾಮೂಲಿ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ಹಿಡಿಯುವುದು ಒಂದು ನ್ಯಾನೋಮೀಟರಿಗಿಂತ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಸಣ್ಣ ರಂಧ್ರಗಳು, ಅದರಲ್ಲೂ 0.8ಕ್ಕಿಂತ ಕಿರಿದಾದವು. ಜಾಸ್ತಿ ಬಿಸಿ, ಜಾಸ್ತಿ ಕೆಓಎಚ್ ಹಾಕಿದರೆ ಸಣ್ಣ ರಂಧ್ರಗಳು ಕೊರೆದು ದೊಡ್ಡವಾಗುತ್ತವೆ. ಏರಿಯಾ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಗ್ಯಾಸ್ ನಿಲ್ಲುವುದಿಲ್ಲ. ಮೇಲೆ ನೈಟ್ರೋಜನ್ ಕೂಡ ಹಾರಿಹೋಗುತ್ತದೆ. ಹಿಡಿಯುವುದಕ್ಕೆ ಅದೂ ಬೇಕು. ಈಗ ನನ್ನ ಒಳ್ಳೆಯ ಮಾಲಿನ ಬಿಇಟಿ 500ರ ಒಳಗೇ ಇದೆ. ಅದನ್ನು ನೋಡಿ ಮೂಗು ಮುರಿದವರಿದ್ದಾರೆ. ನಾನು ತಕ್ಕಡಿ ತೋರಿಸುತ್ತೇನೆ.

ಹಾಗಾಗಿ ಎರಡು ಕೆಲಸ ಮಾಡಿದೆ. ಬಿಸಿ ಇಳಿಸಿದೆ, ಬೂದಿ ಇಳಿಸಿದೆ.

ಬೂದಿ ಇಳಿಸಲು ಮೊದಲು ಸಾದಾ ಇದ್ದಿಲನ್ನು ಪುಡಿ ಮಾಡಿ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಂದು ರಾತ್ರಿ ನೆನೆಸಿದೆ. ಕಬ್ಬಿಣ, ಸುಣ್ಣ, ರಂಜಕ ಹಳದಿ ನೀರಾಗಿ ಹೊರಬರುತ್ತವೆ. ಇದನ್ನು ಬಯಲಲ್ಲೇ ಮಾಡಿ, ಸಲ್ಫೈಡ್ ಇರುವುದರಿಂದ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಇಷ್ಟಾದ ಮೇಲೂ ಬೂದಿ ಶೇ 50ರ ಹತ್ತಿರ ನಿಂತುಬಿಟ್ಟಿತು. ಮರಳು ಆಸಿಡ್‌ಗೆ ಬಗ್ಗುವುದಿಲ್ಲ. ಹೈಡ್ರೋಫ್ಲೋರಿಕ್ ಬಳಸಿ ಅಂತ ಒಬ್ಬರು ಹೇಳಿದರು. ಅದು ಬಹಳ ಅಪಾಯದ ಆಸಿಡ್, ಶೆಡ್ಡಿನ ಬಾಗಿಲೊಳಗೆ ಬಿಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ.

ಅಲ್ಲಿಗೆ ತೊಗರಿ ಕಟ್ಟಿಗೆ ಬಂತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಬೇಳೆಗೆ ಮರ್ಯಾದೆ ಇದೆ, ಕಟ್ಟಿಗೆಗೆ ಇಲ್ಲ. ರಾಶಿ ಮುಗಿದ ಮೇಲೆ ಜನವರಿ, ಫೆಬ್ರುವರಿಯಲ್ಲಿ ಒಲೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಎಷ್ಟೋ ಕಡೆ ಹೊಲದ ಬದುವಿನಲ್ಲೇ ಸುಡುತ್ತಾರೆ. ಅದು ಗಟ್ಟಿ ಕಟ್ಟಿಗೆ, ಬೂದಿ ಬಹಳ ಕಡಿಮೆ. ಟ್ರ್ಯಾಲಿ ಲೆಕ್ಕದಲ್ಲಿ ಕೊಂಡರೆ ಸಾಗಣೆ ಸೇರಿ ಕೆಜಿಗೆ ಎರಡು ಮೂರು ರೂಪಾಯಿ ಬೀಳುತ್ತದೆ. ಇದನ್ನು ಚೂರು ಮಾಡಿ ಒಣ ಸ್ಲಡ್ಜಿನ ಜೊತೆ ಸಮ ತೂಕದಲ್ಲಿ ಬೆರೆಸಿ ಒಟ್ಟಿಗೇ ಸುಟ್ಟೆ. ಬೇರೆ ಬೇರೆ ಸುಟ್ಟು ಆಮೇಲೆ ಬೆರೆಸಿದರೆ ಇಷ್ಟು ಚೆನ್ನಾಗಿ ಬರುವುದಿಲ್ಲ, ಎರಡನ್ನೂ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಆಮೇಲೆ ಆಸಿಡ್ ತೊಳೆತ. ಆಮೇಲೆ ಕೆಓಎಚ್, ಅದೂ ಇದ್ದಿಲಿನ ಅರ್ಧ ತೂಕ ಮಾತ್ರ. ಹೌದು, ಅರ್ಧ. ಬಿಲ್ಲೆಯನ್ನು ಹಾಗೇ ಬೆರೆಸಬೇಡಿ, ನೀರಿನಲ್ಲಿ ಕರಗಿಸಿ ಇದ್ದಿಲಿಗೆ ಕುಡಿಸಿ, ನೀರನ್ನು ಪೂರ್ತಿ ಆರಿಸಿ. ಆಮೇಲೆ 620 ಡಿಗ್ರಿಯ ಆಸುಪಾಸು, ಒಂದು ಗಂಟೆಯ ಹತ್ತಿರ. ಏರುವ ದಾರಿಯಲ್ಲಿ ಒಂದು ಕಡೆ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ಎಷ್ಟು ಡಿಗ್ರಿಗೆ, ಎಷ್ಟು ಹೊತ್ತು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ನಿಮಗೆ ಗ್ರಾಂಗೆ 1.7–1.8 ಮಿಲಿಮೋಲ್ ಬರುತ್ತದೆ, ಉಳಿದದ್ದು ಅದರಿಂದ ಬಂದದ್ದು. ಈ ಬಿಸಿಯಲ್ಲಿ ಗಾಜು ಕಟ್ಟುವುದಿಲ್ಲ, ಲೋಹ ಪೊಟ್ಯಾಸಿಯಂ ಕಾಟ ಬಹಳ ಕಡಿಮೆ, ಅದೇ 304 ಪಾತ್ರೆ ಹದಿನೈದು ಇಪ್ಪತ್ತು ಬ್ಯಾಚ್ ತಾಳುತ್ತದೆ.

ತೊಳೆಯುವ ನೀರಿನ ಬಗ್ಗೆ ಒಂದು ಮಾತು. ಮೊದಲ ನೀರಿನಲ್ಲಿ ಪೊಟ್ಯಾಷ್ ತುಂಬಾ ಇರುತ್ತದೆ, ಬಹುಪಾಲು ಕಾರ್ಬೊನೇಟ್ ರೂಪದಲ್ಲಿ. ಅದನ್ನು ಬಿಸಿಲಿಗೆ ಇಂಗಿಸಿ ಮುಂದಿನ ಬ್ಯಾಚಿಗೆ ಸೇರಿಸುತ್ತೇನೆ. ಕೆಓಎಚ್ ಖರ್ಚಿನಲ್ಲಿ ಮೂರನೇ ಒಂದು ಪಾಲು ಉಳಿಯುತ್ತದೆ. ಎರಡನೇ, ಮೂರನೇ ನೀರನ್ನು ಆ ಹಳದಿ ಆಸಿಡ್ ನೀರಿಗೆ ಸುರಿಯುತ್ತೇನೆ. ಒಂದು ಕ್ಷಾರ, ಇನ್ನೊಂದು ಆಸಿಡ್, ಎರಡೂ ಒಂದನ್ನೊಂದು ತಣಿಸುತ್ತವೆ. ಮೇಲೆ ಒಂದಿಷ್ಟು ಸುಣ್ಣ ಹಾಕಿದರೆ ಸತು, ತಾಮ್ರ ಎಲ್ಲ ಕೆಳಗೆ ಕೂರುತ್ತದೆ. ಆ ಗಸಿಯನ್ನು ಚರಂಡಿಗೆ, ಹಳ್ಳಕ್ಕೆ ಬಿಡಬೇಡಿ. ನಾನು ಡ್ರಮ್ಮಿನಲ್ಲಿ ತುಂಬಿಟ್ಟಿದ್ದೇನೆ. ರಾಡಿ ಹಳ್ಳಕ್ಕೆ ಹೋಗಬಾರದು ಅಂತಲೇ ಅಲ್ವಾ ನಾವು ಈ ಕೆಲಸಕ್ಕೆ ಇಳಿದದ್ದು?

ಅಳತೆಯ ವಿಷಯದಲ್ಲಿ ನನಗೆ ಹೆಮ್ಮೆ ಇದೆ. ಬಿಸಿ ಮಾಡುತ್ತಲೇ ತೂಕ ನೋಡುವ ಟಿಜಿಎ ಮಷೀನ್ ನಮ್ಮಂಥವರ ಕೈಗೆ ಎಟುಕುವುದಿಲ್ಲ, ಪ್ರತಿ ಸ್ಯಾಂಪಲ್ಲನ್ನೂ ಲ್ಯಾಬಿಗೆ ಕಳಿಸಿದರೆ ಮನೆ ಮಾರಬೇಕು. ನಾನು ಮಾಡಿಕೊಂಡದ್ದು ಇಷ್ಟು: ಎರಡು ವಾಲ್ವ್ ಇರುವ ಸಣ್ಣ ಸ್ಟೀಲ್ ಡಬ್ಬಿ, ಫ್ರಿಜ್ ಮೆಕ್ಯಾನಿಕ್‌ಗಳು ಬಳಸುವ ವ್ಯಾಕ್ಯೂಮ್ ಪಂಪ್, 0.01 ಗ್ರಾಂ ತೂಗುವ ತಕ್ಕಡಿ, ವೆಲ್ಡಿಂಗಿನವರ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. 100 ಗ್ರಾಂ ಇದ್ದಿಲು ಹಾಕಿ 120 ಡಿಗ್ರಿಯಲ್ಲಿ ಒಂದು ಗಂಟೆ ವ್ಯಾಕ್ಯೂಮ್ ಎಳೆದು, ವಾಲ್ವ್ ಮುಚ್ಚಿ, ತಣಿಸಿ ತೂಗಬೇಕು. ಬಕೆಟ್ ನೀರಿಗೆ ಐಸ್ ಹಾಕಿ 25 ಡಿಗ್ರಿಗೆ ತಂದು, ಡಬ್ಬಿಯನ್ನು ಅದರಲ್ಲಿಟ್ಟು ಗ್ಯಾಸ್ ಬಿಟ್ಟು, ಒರೆಸಿ ಮತ್ತೆ ತೂಗಬೇಕು. ಖಾಲಿ ಜಾಗದಲ್ಲಿ ಸುಮ್ನೆ ತುಂಬಿಕೊಂಡ ಗ್ಯಾಸಿನ ತೂಕ ಕಳೆಯಬೇಕು, ಲೀಟರಿಗೆ ಸುಮಾರು 1.8 ಗ್ರಾಂ. ಅರ್ಧ ಲೀಟರ್ ಖಾಲಿ ಇದ್ದರೆ 0.9 ಗ್ರಾಂ ಸುಳ್ಳು ತೂಕ. ಕೆಟ್ಟ ಇದ್ದಿಲಿನಲ್ಲಿ ಈ ಸುಳ್ಳೇ ನಿಜಕ್ಕಿಂತ ದೊಡ್ಡದಾಗಿ ಕಂಡುಬಿಡುತ್ತದೆ. ನಂಬಿಕೆ ಬರಲು ಅದೇ ಡಬ್ಬಿಗೆ ತೊಳೆದು ಒಣಗಿಸಿದ ಮರಳು ತುಂಬಿ ಪರೀಕ್ಷಿಸಿ, ಎಲ್ಲ ಕಳೆದ ಮೇಲೆ ಸೊನ್ನೆ ಬರಬೇಕು.

ಇನ್ನೂ ಬೇಗ ತಿಳಿಯಬೇಕಾದರೆ ಇದ್ದಿಲಿನ ಮಧ್ಯೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಟ್ಟು ಗ್ಯಾಸ್ ಬಿಡಿ. ಗ್ಯಾಸ್ ಹಿಡಿಯುವಾಗ ಇದ್ದಿಲು ಬಿಸಿಯಾಗುತ್ತದೆ. ಸಾದಾ ಮಾಲು ಎರಡು ಮೂರು ಡಿಗ್ರಿ ಏರಿದರೆ, ಒಳ್ಳೆಯದು ಹದಿನೈದರ ಮೇಲೆ ಏರುತ್ತದೆ. ಎರಡು ನಿಮಿಷದ ಕೆಲಸ. ಈಗ ಬ್ಯಾಚ್ ಪಾಸೋ ಫೇಲೋ ಅಂತ ನಾನು ಇದರಲ್ಲೇ ತೀರ್ಮಾನ ಮಾಡುತ್ತೇನೆ. ಮಳೆಗಾಲದಲ್ಲಿ ಮಾತ್ರ ಹುಷಾರ್, ತೇವ ಹೀರಿದ ಇದ್ದಿಲು ಎರಡೂ ಪರೀಕ್ಷೆಯನ್ನು ಕೆಡಿಸುತ್ತದೆ.

ಖರ್ಚು ಕೇಳುವವರು ಬಹಳ. ಭಟ್ಟಿ, ಪಾತ್ರೆಗಳು, ಪಂಪ್, ತಕ್ಕಡಿ, ಲ್ಯಾಬ್ ಫೀಸ್, ಹಾಳಾದ ಮಾಲು ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ ಹೋಗಿದೆ. ಅದರಲ್ಲಿ ಒಂದು ಲಕ್ಷ 800 ಡಿಗ್ರಿಯ ಹಿಂದೆ ಓಡಿದ್ದಕ್ಕೇ. ಈಗಿನ ಲೆಕ್ಕ ಹೀಗಿದೆ. 10 ಕೆಜಿ ಒಣ ಸ್ಲಡ್ಜ್, 10 ಕೆಜಿ ಕಟ್ಟಿಗೆ ಸುಟ್ಟರೆ 8 ಕೆಜಿ ಇದ್ದಿಲು. ಆಸಿಡ್ ತೊಳೆತ, ಆಕ್ಟಿವೇಷನ್, ನೀರಿನ ತೊಳೆತ ಎಲ್ಲ ಮುಗಿದಾಗ 5 ಕೆಜಿ. ಕೆಓಎಚ್ ನನಗೆ ಕೆಜಿಗೆ ನೂರು ರೂಪಾಯಿ ಮೇಲೆ ಬೀಳುತ್ತದೆ, ಮೂರೂವರೆ ಕೆಜಿ ಹಿಡಿಯುತ್ತದೆ, ವಾಪಸ್ ಸಿಕ್ಕದ್ದನ್ನು ಕಳೆದರೆ 250 ರೂಪಾಯಿ. ಆಸಿಡ್, ಸುಣ್ಣ, ಕಟ್ಟಿಗೆ, ಪಾತ್ರೆ ಸವೆತ, ಒಬ್ಬ ಆಳಿನ ಕೂಲಿ ಸೇರಿಸಿದರೆ ಸಿದ್ಧ ಇದ್ದಿಲು ಕೆಜಿಗೆ 180–200 ರೂಪಾಯಿ. ಪೇಟೆಯ ಸಾದಾ ಆಕ್ಟಿವೇಟೆಡ್ ಕಾರ್ಬನ್ ಇದಕ್ಕಿಂತ ಅಗ್ಗ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸ್ಲಡ್ಜ್ ವಿಲೇವಾರಿಗೆ ಎಸ್‌ಟಿಪಿಯವರು ಕೊಡುವ ದುಡ್ಡು ನಮ್ಮ ಕಡೆ ತಿರುಗಿದರೆ ಲೆಕ್ಕವೇ ಬದಲಾಗುತ್ತದೆ.

"ಗ್ಯಾಸ್ ಸುಟ್ಟು ಗ್ಯಾಸ್ ಹಿಡಿಯೋದಾ?" ಅಂತ ಕೇಳಿದವರಿಗೂ ಉತ್ತರ ಕೊಡಬೇಕು. ಪ್ರಶ್ನೆ ಸರಿಯಾಗಿಯೇ ಇದೆ. ಒಂದು ಕೆಜಿ ಎಲ್‌ಪಿಜಿ ಸುಟ್ಟರೆ ಮೂರು ಕೆಜಿ ಕಾರ್ಬನ್ ಡೈಆಕ್ಸೈಡ್. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಮುಗಿಸಿದರೆ ಹತ್ತಿರ 57 ಕೆಜಿ. ಮೊದಲ ವರ್ಷ ನಾನೂ ಎಲ್‌ಪಿಜಿಯಲ್ಲೇ ಮಾಡಿದೆ. ಈಗ ಮೊದಲ ಸುಡುವಿಕೆಯ ಗ್ಯಾಸನ್ನೇ ಪಕ್ಕದ ಆಕ್ಟಿವೇಷನ್ ಪಾತ್ರೆಯ ಕೆಳಗೆ ಉರಿಸುತ್ತೇನೆ, ಕಡಿಮೆ ಬಿದ್ದದ್ದಕ್ಕೆ ತೊಗರಿ ಕಟ್ಟಿಗೆ ಮತ್ತು ಬ್ಲೋವರ್. ಎಲ್‌ಪಿಜಿ ಹೊತ್ತಿಸಲು ಮಾತ್ರ. ಇನ್ನು ಇದ್ದಿಲಿನ ಒಳಗೇ ಅರ್ಧದಷ್ಟು ಕಾರ್ಬನ್ ಕೂತಿದೆಯಲ್ಲ, ಬದುವಿನಲ್ಲಿ ಸುಟ್ಟಿದ್ದರೆ ಅದೂ ಗಾಳಿಗೇ ಹೋಗುತ್ತಿತ್ತು. ಕೆಜಿಗೆ ಅರ್ಧ ಕೆಜಿ ಕಾರ್ಬನ್ ಅಂದರೆ 1.8 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ.

ಪಕ್ಕದ ಪ್ರಯೋಗಗಳು ಹಲವು ನಡೆದಿವೆ. ಶಹಾಪುರ, ಸುರಪುರದ ಕಡೆಯಿಂದ ಭತ್ತದ ಹೊಟ್ಟು ತಂದೆ. ಅದರ ಬೂದಿಯೆಲ್ಲ ಸಿಲಿಕಾ, ಕೆಓಎಚ್ ಅನ್ನು ಸ್ಲಡ್ಜಿಗಿಂತ ಜಾಸ್ತಿ ತಿಂದಿತು. ಬಿಟ್ಟೆ. ಬೀದರಿನಿಂದ ಕಬ್ಬಿನ ಸಿಪ್ಪೆ ತಂದೆ, ಮಾಲು ಛಲೋ ಬಂತು, ಆದರೆ ಕಾರ್ಖಾನೆಯವರು ಅದನ್ನು ಬಾಯ್ಲರಿಗೇ ಹಾಕಿಕೊಳ್ಳುತ್ತಾರೆ, ಪುಕ್ಕಟೆ ಸಿಗುವುದಿಲ್ಲ. ಜೋಳದ ಕಣಕಿಯನ್ನು ಮುಟ್ಟಲಿಲ್ಲ, ಅದು ದನದ ಮೇವು, ಇದಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಶಹಾಬಾದ್ ಫರ್ಸಿ ಪಾಲಿಶ್ ಮಾಡುವಾಗ ಬರುವ ಸುಣ್ಣಕಲ್ಲಿನ ಬಿಳಿ ಕೆಸರನ್ನು ಬೆರೆಸಿ 850 ಡಿಗ್ರಿಗೆ ಸುಟ್ಟೆ. ರಂಧ್ರಗಳು ಬಂದವು, ಎಲ್ಲ ದೊಡ್ಡವೇ. ಬಣ್ಣ ಹೀರುವುದಕ್ಕೆ ಅದು ಚೆನ್ನಾಗಿದೆ, ಗ್ಯಾಸಿಗೆ ಬರಲ್ಲ. ಸ್ಟೀಲ್ ಖರ್ಚು ತಪ್ಪಿಸಲು ಕುಂಬಾರರ ಮಡಕೆಯಲ್ಲೂ ಆಕ್ಟಿವೇಷನ್ ಮಾಡಿಸಿದೆ, ಮಡಕೆಯ ಮಣ್ಣನ್ನೂ ಕೆಓಎಚ್ ತಿಂದು ಒಳಗೋಡೆ ಪದರ ಪದರವಾಗಿ ಎದ್ದಿತು.

ನಮ್ಮ ಊರಿನ ಬಿಸಿಯ ಸಮಸ್ಯೆಯೊಂದು ಬಾಕಿ ಇದೆ. ಸ್ಲಡ್ಜ್ ಒಣಗಿಸಲು ನೆರವಾಗುವ ಅದೇ ಬಿಸಿಲು ಇಲ್ಲಿ ಅಡ್ಡ ಬರುತ್ತದೆ. 25 ಡಿಗ್ರಿಯಲ್ಲಿ 90 ಗ್ರಾಂ ಹಿಡಿಯುವ ಇದ್ದಿಲು 40 ಡಿಗ್ರಿಯಲ್ಲಿ 65 ಗ್ರಾಂ ಮಾತ್ರ ಹಿಡಿಯುತ್ತದೆ. ಪುಸ್ತಕದವರೆಲ್ಲ 25ರಲ್ಲೇ ಹೇಳುತ್ತಾರೆ, ಮೇ ತಿಂಗಳ ಕಲಬುರಗಿಯಲ್ಲಿ 25 ಎಲ್ಲಿದೆ? ಅದೂ ಅಲ್ಲದೆ ಈ ಲೆಕ್ಕವೆಲ್ಲ ಶುದ್ಧ ಗ್ಯಾಸಿನದು. ಚಿಮಣಿ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 15 ಇದ್ದರೆ ನನ್ನ ಇದ್ದಿಲು ಕೆಜಿಗೆ 30–35 ಗ್ರಾಂ ಹಿಡಿಯುತ್ತದೆ. ನನ್ನ ಕಣ್ಣು ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ ಕಡೆ ಇರುವುದು ಅದಕ್ಕೇ. ಸಿಮೆಂಟ್ ಗೂಡಿನಲ್ಲಿ ಸುಣ್ಣಕಲ್ಲೇ ಒಡೆಯುವುದರಿಂದ ಹೊಗೆಯಲ್ಲಿ ಗ್ಯಾಸಿನ ಪಾಲು ಬೇರೆ ಬಾಯ್ಲರ್‌ಗಳಿಗಿಂತ ಜಾಸ್ತಿ, ಶೇ 20 ದಾಟುತ್ತದೆ. ನೂರು ಕೆಜಿ ಸುಣ್ಣಕಲ್ಲಿನಲ್ಲಿ 44 ಕೆಜಿ ಗ್ಯಾಸಾಗಿಯೇ ಹೋಗುತ್ತದೆ. ಗಾಳಿ ವಿದ್ಯುತ್ತು, ಸೂರ್ಯನ ವಿದ್ಯುತ್ತು ಎಷ್ಟು ಬಂದರೂ ಈ ಗ್ಯಾಸ್ ನಿಲ್ಲುವುದಿಲ್ಲ. ಹಿಡಿಯಲೇಬೇಕು, ಹಿಡಿಯುವ ಸಾಮಾನು ಇಲ್ಲೇ ಸಿಗಬೇಕು.

ಹಿಡಿದ ಗ್ಯಾಸ್ ಬಿಡಿಸಲು 110 ಡಿಗ್ರಿ ಸಾಕು. ಸಿಲಿಂಡರ್ ಗ್ಯಾಸಿನಲ್ಲಿ ನೂರರ ಹತ್ತಿರ ಸುತ್ತು ಹಿಡಿಸಿ ಬಿಡಿಸಿದ ಮೇಲೂ ಅದೇ ಡಬ್ಬಿಯ ಇದ್ದಿಲು ಶೇ 95ರಷ್ಟು ಹಿಡಿಯುತ್ತಿದೆ. ನಿಜವಾದ ಹೊಗೆಯಲ್ಲಿ ನೀರಾವಿ, ಗಂಧಕದ ಗ್ಯಾಸ್ ಎರಡೂ ಬಂದು ಜಾಗ ಹಿಡಿಯುತ್ತವೆ. ಅದಕ್ಕೆ ಮುಂದೆ ಸುಣ್ಣದ ನೀರಿನ ಸಣ್ಣ ಡ್ರಮ್, ಅದರ ಹಿಂದೆ ತೇವ ಹೀರುವ ಸಿಲಿಕಾ ಜೆಲ್ ಕಟ್ಟಿದ್ದೇನೆ. ಪುಡಿ ಇದ್ದಿಲು ಗಾಳಿಗೆ ಹಾರುವುದರಿಂದ ಉಂಡೆ ಕಟ್ಟುವುದನ್ನೂ ಕಲಿತೆ. ಅಂಟಿಗೆ ಬೆಲ್ಲದ ಕಾಕಂಬಿ, ಮೈದಾ, ಜೇಡಿ ಎಲ್ಲ ನೋಡಿದೆ, ಎಲ್ಲವೂ ರಂಧ್ರ ಮುಚ್ಚಿದವು. ಈಗ ಬಳಸುವ ಅಂಟು ಹತ್ತರಲ್ಲಿ ಒಂದು ಪಾಲು ಕೂಡ ಕಡಿಮೆ ಮಾಡುವುದಿಲ್ಲ. ಅದರ ಹೆಸರು ಕೇಳಬೇಡಿ, ಉಂಡೆ ಬೇಕಾದರೆ ಕೊಡುತ್ತೇನೆ.

ಸದ್ಯ ಒಂದು ಅಕ್ಕಿ ಗಿರಣಿಯ ಬಾಯ್ಲರ್ ಚಿಮಣಿಗೆ ಐದು ಕೆಜಿ ಇದ್ದಿಲು ತುಂಬಿದ ಕೊಳವೆ (ಕಾಲಂ) ಜೋಡಿಸಲು ಮಾತಾಗಿದೆ. ಮಾಲೀಕರು ದುಡ್ಡು ಕೊಡುವುದಿಲ್ಲ, ಜಾಗ ಮತ್ತು ಕರೆಂಟ್ ಕೊಡುತ್ತಾರೆ. ಬೇರೆ ಊರಿನ ಎಸ್‌ಟಿಪಿ ಸ್ಲಡ್ಜ್ ಕೂಡ ಇದೇ ಪಾಕಕ್ಕೆ ಬಗ್ಗುತ್ತದೆಯೋ ನೋಡಬೇಕು. ಬೀದರ್, ಯಾದಗಿರಿ ಕಡೆಯವರು ಒಣಗಿಸಿದ ಒಂದು ಚೀಲ ಕಳಿಸಿದರೆ ಬೂದಿ ಎಷ್ಟು, ಗ್ಯಾಸ್ ಎಷ್ಟು ಅಂತ ಪುಕ್ಕಟೆ ನೋಡಿ ಹೇಳುತ್ತೇನೆ. ಕಾರ್ಖಾನೆ ನೀರು ಬೆರೆತ ಸ್ಲಡ್ಜ್ ಮಾತ್ರ ಬೇಡ, ಅದರಲ್ಲಿ ಲೋಹ ಜಾಸ್ತಿ, ತೊಳೆದ ನೀರು ನನ್ನ ಡ್ರಮ್ಮಿಗೆ ತಾಳುವುದಿಲ್ಲ.